ಅಜ್ಜನ ಆಸ್ತಿಯಲ್ಲಿ ಮೊಮ್ಮಗನಿಗೆ ಪಾಲಿಲ್ಲ ಅಂತ ಫತ್ವಾ ಬಂದಿದೆ, ಮುಂದೆ ದಾರಿ ಇಲ್ವಾ?

ಉಪ್ಪಿನಂಗಡಿ ಹುಡುಗ:
ಅಪ್ಪ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಹೋದ ರಂಜಾನಿಗೆ ಮುಂಚೆ ಅಜ್ಜನೂ ಹೋದರು. ಈಗ ಅಜ್ಜಿ, ಇಬ್ಬರು ಚಿಕ್ಕಪ್ಪಂದಿರು, ಒಬ್ಬರು ಅತ್ತೆ ಇದ್ದಾರೆ. ಮನೆ, ಪೇಟೆಯ ಅಂಗಡಿ ಕೋಣೆ ಎಲ್ಲಾ ಸೇರಿ 40 ಲಕ್ಷ ಅಂತ ಲೆಕ್ಕ. ಮೊನ್ನೆ ದೊಡ್ಡ ಚಿಕ್ಕಪ್ಪ ಒಂದು ಹಾಳೆ ತಂದು ಮೇಜಿನ ಮೇಲೆ ಇಟ್ಟರು. ಮೊಮ್ಮಗನಿಗೆ ಪಾಲಿಲ್ಲ, ಕೆಳಗೆ ವಲ್ಲಾಹು ಅಅಲಮ್ (ಅಲ್ಲಾಹನೇ ಚೆನ್ನಾಗಿ ಬಲ್ಲ), ಸಹಿ, ನೀಲಿ ಸೀಲು. ಉಮ್ಮ (ಅಮ್ಮ) ಓದಿ ಏನೂ ಹೇಳದೆ ಚಾ ಇಡಲು ಎದ್ದು ಹೋದರು. ಯತೀಮನನ್ನು, ಅಂದ್ರೆ ಅಪ್ಪ ಇಲ್ಲದ ಮಗುವನ್ನು, ನೋಡಿಕೊಳ್ಳಬೇಕು ಅಂತ ಮದ್ರಸದಲ್ಲಿ ಬಾಯಿಪಾಠ ಮಾಡಿಸಿದ್ರಲ್ಲ, ಅದು ಸುಮ್ನೆನಾ? ಕೋರ್ಟಿಗೆ ಹೋದರೆ ಪ್ರಯೋಜನ ಉಂಟಾ?

ನೇರ ಮಾತು:
ಫತ್ವಾಕ್ಕೆ ಕಾನೂನಿನ ಬಲ ಇಲ್ಲ, ಯಾರೂ ಪಾಲಿಸಲೇಬೇಕು ಅಂತ ಇಲ್ಲ. 2014ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹರಿದು ಬಿಸಾಕಿ ಕೇಸ್ ಹಾಕಿ.

ದಸ್ತಾವೇಜು ಕಾಕ:
ಮೇಲಿನವರು ಹೇಳಿದ್ದು ಅರ್ಧ ಸರಿ. ಹಾಳೆ ಹರಿಯಬಹುದು. ಆದರೆ ಕೋರ್ಟಿಗೆ ಹೋದರೆ ಅಲ್ಲಿಯೂ ನಡೆಯುವುದು 1937ರ ಶರೀಅತ್ ಕಾಯ್ದೆ. ಅದೇ ಉತ್ತರ ಬರುತ್ತದೆ, ಜೊತೆಗೆ ವಕೀಲರ ಫೀಸು.

ನಾನು ಮೂವತ್ತು ವರ್ಷ ರಿಜಿಸ್ಟ್ರಾರ್ ಆಫೀಸಿನ ಎದುರು ಪತ್ರ ಬರೆದವನು. ಇಂಥ ಹಾಳೆಗಳನ್ನು ಜನ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬರುತ್ತಿದ್ದರು. ಕೆಲವು ಉರ್ದುವಿನಲ್ಲಿ, ಕೆಲವು ಮಲಯಾಳಂನಲ್ಲಿ. ನಾವು ಬ್ಯಾರಿಗಳು ಶಾಫಿಈ ಪಂಥದವರು, ಬಯಲುಸೀಮೆಯವರು ಜಾಸ್ತಿ ಹನಫಿ ಪಂಥದವರು. ಎಷ್ಟೋ ವಿಷಯದಲ್ಲಿ ಎರಡೂ ಕಡೆ ಬೇರೆ ಬೇರೆ, ಈ ವಿಷಯದಲ್ಲಿ ಮಾತ್ರ ಒಂದೇ ಮಾತು. ಮಗ ಬದುಕಿರುವಾಗ ಮಗನ ಮಗನಿಗೆ ಪಾಲಿಲ್ಲ. ಪ್ರವಾದಿಯವರ ಸಂಗಡಿಗ (ಸಹಾಬಿ) ಝೈದ್ ಬಿನ್ ಸಾಬಿತರ ಕಾಲದಿಂದ ಬಂದ ಲೆಕ್ಕ ಅದು.

ನಿಮ್ಮ 40 ಲಕ್ಷ ಹೀಗೆ ಒಡೆಯುತ್ತದೆ. ಸಾಲ, ಅಜ್ಜಿಗೆ ಕೊಡದೆ ಉಳಿದ ಮಹರ್ (ಮದುವೆಗೆ ಗಂಡ ಹೆಂಡತಿಗೆ ಕೊಡಬೇಕಾದದ್ದು) ಮೊದಲು ಕಳೆಯಬೇಕು. ಏನೂ ಇಲ್ಲದಿದ್ದರೆ ಅಜ್ಜಿಗೆ ಎಂಟನೇ ಒಂದು, 5 ಲಕ್ಷ. ಉಳಿದ 35ರಲ್ಲಿ ಚಿಕ್ಕಪ್ಪಂದಿರಿಗೆ 14, 14. ಅತ್ತೆಗೆ 7. ಅಲ್ಲಿಗೆ ಮುಗಿಯಿತು. ಚಿಕ್ಕಪ್ಪಂದಿರು ಇಲ್ಲದೆ ಅಜ್ಜಿ, ಅತ್ತೆ ಮಾತ್ರ ಇದ್ದಿದ್ದರೆ ನಿನಗೇ 15 ಲಕ್ಷ ಬರುತ್ತಿತ್ತು, ಅದೂ ಇದೇ ಲೆಕ್ಕದಲ್ಲಿ. ನಿನ್ನ ಅಪ್ಪ ಅಜ್ಜನಿಗಿಂತ ಒಂದು ದಿನ ಹೆಚ್ಚು ಬದುಕಿದ್ದರೂ ಕತೆ ಬೇರೆ. ಕೇಳಲಿಕ್ಕೆ ಕಷ್ಟ ಆಗುತ್ತದೆ, ನನಗೂ ಆಗಿದೆ.

ಈಗ ಒಂದು ಕೆಲಸ ಮಾಡು. ಉತ್ತರ ಬಿಡು, ಅದೇ ಹಾಳೆಯ ಮೇಲ್ಗಡೆ ಇರುವ ಪ್ರಶ್ನೆ ಓದು. ಫತ್ವಾ ಬರೆಯುವ ಮುಫ್ತಿ ಊರಿಗೆ ಬಂದು ಸಾಕ್ಷಿ ವಿಚಾರಿಸುವವರಲ್ಲ. ಅದು ತೀರ್ಪು ಕೊಡುವ ಖಾಝಿಯ ಕೆಲಸ. ಮುಫ್ತಿ ಕೇಳಿದ್ದಕ್ಕೆ ಹೇಳುತ್ತಾರೆ, ಕೇಳದ್ದಕ್ಕೆ ಇಲ್ಲ. ಬರೆದವರು ಬಿಟ್ಟದ್ದು ಉತ್ತರದಲ್ಲೂ ಬಿಟ್ಟು ಹೋಗುತ್ತದೆ. ಪ್ರಶ್ನೆ ಬರೆದದ್ದು ಯಾರು, ನೀನಾ ಚಿಕ್ಕಪ್ಪನಾ?

ಭದ್ರಾವತಿಯವಳು:
ಕಾಕ, ಈಜಿಪ್ಟಿನಲ್ಲಿ ಇಂಥ ಮಕ್ಕಳಿಗೆ ಕೊಡುತ್ತಾರಂತಲ್ಲ? ಅದೂ ಶರೀಅತ್ತೇ ಅಲ್ವಾ?

ದಸ್ತಾವೇಜು ಕಾಕ:
ಹೌದಮ್ಮ. ಅಲ್ಲಿ 1946ರಲ್ಲಿ ವಸಿಯ್ಯತ್, ಅಂದರೆ ಉಯಿಲಿನ ಕಾನೂನು ತಂದರು. ಅಜ್ಜ ಬರೆಯದೆ ಹೋದರೂ ಬರೆದ ಹಾಗೆ ಲೆಕ್ಕ ಹಿಡಿದು, ಆಸ್ತಿಯ ಮೂರನೇ ಒಂದರ ಒಳಗೆ ಮೊಮ್ಮಕ್ಕಳಿಗೆ ಕೊಡುತ್ತಾರೆ. ಸ್ಪೇನಿನ ಹಳೆಯ ವಿದ್ವಾಂಸ ಇಬ್ನ್ ಹಝ್ಮ್ ಹೇಳಿದ ಮಾತನ್ನು ಆಧಾರ ಮಾಡಿಕೊಂಡರು. ಪಾಕಿಸ್ತಾನದವರು 1961ರಲ್ಲಿ ಇನ್ನೂ ಮುಂದೆ ಹೋಗಿ ಸತ್ತ ಮಗನ ಪಾಲನ್ನೇ ಅವನ ಮಕ್ಕಳಿಗೆ ಕೊಟ್ಟರು. ಆಲಿಮರು, ಅಂದರೆ ಧರ್ಮ ಪಂಡಿತರು, ಅದನ್ನು ಒಪ್ಪಲಿಲ್ಲ, ಜಗಳ ಇನ್ನೂ ಉಂಟು. ನಮ್ಮಲ್ಲಿ ಎರಡೂ ಇಲ್ಲ. ನಮ್ಮಲ್ಲಿ ಅಜ್ಜನೇ ಬದುಕಿರುವಾಗ ಹಿಬಾ, ಅಂದರೆ ದಾನ ಮಾಡಬೇಕು, ಇಲ್ಲ ವಸಿಯ್ಯತ್ ಬಿಡಬೇಕು. ಎಷ್ಟು ಅಜ್ಜಂದಿರಿಗೆ ಹೇಳಿದ್ದೇನೋ! 'ನೋಡುವಾ' ಅಂತಲೇ ಹೋದರು.

ಉಪ್ಪಿನಂಗಡಿ ಹುಡುಗ:
ಹಾಳೆ ಮತ್ತೆ ತರಿಸಿ ನೋಡಿದೆ. ಚಿಕ್ಕಪ್ಪನ ಅಕ್ಷರ. ಪ್ರಶ್ನೆ ಎರಡೇ ಸಾಲು. 'ಮಕ್ಕಳಿರುವಾಗ ಮೊಮ್ಮಗ ಪಾಲು ಕೇಳಬಹುದೇ?' ಅಷ್ಟೇ. ಆದರೆ ಅಜ್ಜ ಉಮ್ರಾಕ್ಕೆ ಹೊರಡುವ ದಿನ 'ಅಂಗಡಿ ಕೋಣೆ ನನ್ನ ನಂತರ ಇವನಿಗೆ' ಅಂತ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದರು. ಅದನ್ನು ಬರೆದೇ ಇಲ್ಲ.

ದಸ್ತಾವೇಜು ಕಾಕ:
ಮೊದಲೇ ಹೇಳಬಾರದಾ ಮಾರಾಯ! ವಾರಸುದಾರನಿಗೆ ವಸಿಯ್ಯತ್ ಇಲ್ಲ ಅಂತ ಹದೀಸ್ ಉಂಟು. ನೀನು ವಾರಸುದಾರ ಅಲ್ಲ ಅಂತ ಅವರೇ ಸೀಲು ಹಾಕಿ ಕೊಟ್ಟಿದ್ದಾರೆ. ಹಾಗಾಗಿ ನಿನಗೆ ವಸಿಯ್ಯತ್ ನಡೆಯುತ್ತದೆ. ಬಾಯಿಮಾತಿನದ್ದೂ ನಡೆಯುತ್ತದೆ, ಆದರೆ ರುಜುವಾತು ಗಟ್ಟಿ ಬೇಕು, ಕೋರ್ಟಿನಲ್ಲಂತೂ ತುಂಬಾ ಕಷ್ಟ. ಆವಾಗ ಯಾರೆಲ್ಲ ಇದ್ದರು? ಕೋಣೆಯ ಬೆಲೆ ಎಷ್ಟು? ಮೂರನೇ ಒಂದು, ಅಂದರೆ 13 ಲಕ್ಷ ಚಿಲ್ಲರೆ ದಾಟಿದರೆ ಉಳಿದದ್ದಕ್ಕೆ ವಾರಸುದಾರರ ಒಪ್ಪಿಗೆ ಬೇಕು.

ಉಪ್ಪಿನಂಗಡಿ ಹುಡುಗ:
8 ಲಕ್ಷ ಅಂತಾರೆ. ಉಮ್ಮ ಇದ್ದರು, ಬಾಡಿಗೆಗಿರುವ ಟೈಲರ್ ಇದ್ದರು, ಕಾರಿನ ಡ್ರೈವರೂ ಇದ್ದರು. ಅತ್ತೆ ಬಾಗಿಲ ಹತ್ತಿರ ನಿಂತಿದ್ದರು.

ದಸ್ತಾವೇಜು ಕಾಕ:
ಅತ್ತೆಯನ್ನು ಮೊದಲು ಮಾತಾಡಿಸು, ಚಿಕ್ಕಪ್ಪನಿಗಿಂತ ಮೊದಲು. ಆಮೇಲೆ ಫತ್ವಾ ಕೊಟ್ಟ ಅದೇ ಉಸ್ತಾದರಿಗೆ ಹೊಸ ಪ್ರಶ್ನೆ ಬರಿ. ಅಜ್ಜ ಹೇಳಿದ ಮಾತು ಹೇಳಿದ ಹಾಗೇ ಇರಲಿ, ಬ್ಯಾರಿಯಲ್ಲಿ ಹೇಳಿದ್ದರೆ ಬ್ಯಾರಿಯಲ್ಲೇ. ತಾರೀಕು ಹಾಕು. ಬರೆದು ಇಲ್ಲಿ ಹಾಕುವುದು ಬೇಡ, ನನಗೆ ಕಳಿಸು, ಒಮ್ಮೆ ನೋಡಿ ಕೊಡುತ್ತೇನೆ.