ಎಲೆಕ್ಟ್ರೊಲೈಸರ್ ಪರೀಕ್ಷೆಯಲ್ಲಿ ಶೇ. 112 ದಕ್ಷತೆ ಬರುತ್ತಿದೆ: ತಪ್ಪು ಎಲ್ಲಿ?

ಪ್ರಶ್ನೆ:
ವಿದ್ಯುತ್ತಿನಿಂದ ನೀರನ್ನು ಹೈಡ್ರೋಜನ್ ಮತ್ತು ಆಮ್ಲಜನಕವಾಗಿ ವಿಭಜಿಸುವ (ಎಲೆಕ್ಟ್ರೊಲೈಸರ್), ಮತ್ತೆ ಅದೇ ಅನಿಲಗಳಿಂದ ವಿದ್ಯುತ್ ಕೊಡುವ (ಇಂಧನ ಕೋಶ) ಸಣ್ಣ ಪಿಇಎಂ ಕೋಶವೊಂದನ್ನು, ಅಂದರೆ ಎರಡು ಬದಿಗಳ ನಡುವೆ ಪ್ರೋಟಾನ್ ಹಾಯಿಸುವ ಪೊರೆಯಿರುವ ಕೋಶವನ್ನು, ಬೆಂಗಳೂರಿನ ಮನೆಯಲ್ಲಿ ಪರೀಕ್ಷಿಸುತ್ತಿದ್ದೇನೆ. 1 ಆಂಪಿಯರನ್ನು 10 ನಿಮಿಷ ಹರಿಸಿ, ನೀರು ತುಂಬಿ ಬೋರಲಿಟ್ಟ ಅಳತೆ ಜಾಡಿಯಲ್ಲಿ ಹೈಡ್ರೋಜನ್ ಹಿಡಿದರೆ 85 ಮಿ.ಲೀ. ಸಿಗುತ್ತದೆ. ಹರಿದ ವಿದ್ಯುತ್ತಿಗೆ ತಕ್ಕಷ್ಟೇ ಅನಿಲ ಎನ್ನುವ ಫ್ಯಾರಡೆ ನಿಯಮದಂತೆ 25 ಡಿಗ್ರಿಯಲ್ಲಿ ಸಿಗಬೇಕಾದದ್ದು 76 ಮಿ.ಲೀ. ಮಾತ್ರ, ಅಂದರೆ ದಕ್ಷತೆ ಶೇ. 112 ಆಗುತ್ತದೆ. ಆಮ್ಮೀಟರನ್ನು ಬದಲಿಸಿದರೂ ಫಲಿತಾಂಶ ಅದೇ. ಇನ್ನೊಂದು ತೊಂದರೆಯೆಂದರೆ, ವಿಭಜನೆ ಮುಗಿದೊಡನೆ ಇಂಧನ ಕೋಶವಾಗಿ ಬಳಸಿದರೆ ವೋಲ್ಟೇಜು ಅರ್ಧ ನಿಮಿಷದಲ್ಲಿ 0.8ರಿಂದ 0.3ಕ್ಕೆ ಕುಸಿಯುತ್ತದೆ.

ಉತ್ತರ:
ನಿಮ್ಮ ಆಮ್ಮೀಟರಿನ ಮೇಲೆ ಅನುಮಾನ ಬೇಡ. 76 ಮಿ.ಲೀ. ಎಂಬುದು 101.3 ಕಿಲೊಪಾಸ್ಕಲ್ ಒತ್ತಡದಲ್ಲಿರುವ ಒಣ ಅನಿಲದ ಲೆಕ್ಕ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ವಾಯುಒತ್ತಡ ಇರುವುದೇ 91ರ ಆಸುಪಾಸು, ಅದರಲ್ಲೂ ನೀರಿನ ಮೇಲೆ ಹಿಡಿದ ಅನಿಲದಲ್ಲಿ ಆವಿಯ ಪಾಲು 25 ಡಿಗ್ರಿಯಲ್ಲಿ 3.2 ಕಿಲೊಪಾಸ್ಕಲ್ ಇರುತ್ತದೆ. ಹೈಡ್ರೋಜನ್ನಿಗೆ ಉಳಿಯುವ ಒತ್ತಡ ಸುಮಾರು 88 ಆದ್ದರಿಂದ ನಿರೀಕ್ಷಿತ ಗಾತ್ರ 87.5 ಮಿ.ಲೀ. ಆಗುತ್ತದೆ, ನಿಮ್ಮ ದಕ್ಷತೆ ಶೇ. 97ಕ್ಕೆ ಇಳಿಯುತ್ತದೆ. ಉಳಿದ ಶೇ. 3 ಪೊರೆಯ ಮೂಲಕ ಆಚೆಗೆ ದಾಟುವ ಹೈಡ್ರೋಜನ್ ಮತ್ತು ಕೊಳವೆಯ ಜೋಡಣೆಗಳಲ್ಲಿನ ಸೋರಿಕೆಗೆ ಸೇರಿರಬಹುದು. ಹವಾಮಾನದ ಆ್ಯಪ್ ತೋರಿಸುವ ಒತ್ತಡವನ್ನು ನಂಬಬೇಡಿ, ಅದು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಹೊಂದಿಸಿದ ಅಂಕಿ. ನಾನೂ ಒಮ್ಮೆ ಇದೇ ಹಳ್ಳಕ್ಕೆ ಬಿದ್ದವನು. ಅಳತೆ ಓದುವಾಗ ಜಾಡಿಯ ಒಳಗಿನ ಮತ್ತು ಹೊರಗಿನ ನೀರಿನ ಮಟ್ಟ ಸಮವಾಗಿರಲಿ.

ವೋಲ್ಟೇಜು ಕುಸಿಯುವುದಕ್ಕೆ, ವಿಭಜನೆಯ ವೇಳೆ ಆಮ್ಲಜನಕದ ಬದಿಯ ರಂಧ್ರಗಳಲ್ಲಿ ನಿಂತ ನೀರು ಅನಿಲವನ್ನು ವೇಗವರ್ಧಕದವರೆಗೆ ಹೋಗಲು ಬಿಡದಿರುವುದು ಮೊದಲ ಶಂಕೆ. ಆ ಬದಿಯ ನೀರನ್ನು ಬಸಿದು, ಒಣ ಆಮ್ಲಜನಕವನ್ನು ಕೆಲವು ನಿಮಿಷ ಹಾಯಿಸಿ ನೋಡಿ. ಹೈಡ್ರೋಜನ್ ಬದಿಗೆ ಗಾಳಿ ಊದಬೇಡಿ, ವೇಗವರ್ಧಕವಾದ ಪ್ಲಾಟಿನಂ ಇರುವಲ್ಲಿ ಕಿಡಿಯಿಲ್ಲದೆಯೂ ಮಿಶ್ರಣ ಹೊತ್ತಿಕೊಳ್ಳಬಲ್ಲದು. ಒಣಗಿಸಿದರೂ ಚೇತರಿಸದಿದ್ದರೆ, ಆಮ್ಲಜನಕದ ಬದಿಯಲ್ಲಿ ಕಾರ್ಬನ್ ಕಾಗದ (ಅನಿಲವನ್ನೂ ವಿದ್ಯುತ್ತನ್ನೂ ಹಾಯಿಸುವ ಕಾರ್ಬನ್ ನಾರಿನ ಪದರ) ಇದೆಯೇ ಎಂದು ಪರಿಶೀಲಿಸಿ: ವಿಭಜನೆಯ ವೋಲ್ಟೇಜಿನಲ್ಲಿ ಕಾರ್ಬನ್ ಉತ್ಕರ್ಷಣಗೊಂಡು ಸವೆಯುತ್ತದೆ, ಅಲ್ಲಿ ಟೈಟಾನಿಯಂ ಬಳಸುವುದು ಇದಕ್ಕಾಗಿಯೇ.

ಪ್ರಶ್ನೆ ಕೇಳಿದವರಿಂದ:
ಧನ್ಯವಾದಗಳು ಸರ್. ಫೋನಿನ ಒತ್ತಡಮಾಪಕ 911 ಹೆಕ್ಟೊಪಾಸ್ಕಲ್ (91.1 ಕಿಲೊಪಾಸ್ಕಲ್) ತೋರಿಸಿತು. ನಾನು ಲೆಕ್ಕಕ್ಕೆ ಹಿಡಿದಿದ್ದು ಆ್ಯಪಿನ 1013. ಒಣಗಿಸಿದ ಮೇಲೆ ವೋಲ್ಟೇಜು 0.65ರಲ್ಲಿ ನಿಲ್ಲುತ್ತಿದೆ, ಆದರೆ ಬಸಿದ ನೀರಿನಲ್ಲಿ ಕಪ್ಪು ಪುಡಿ ಕಂಡಿತು. ಕಾರ್ಬನ್ ಕಾಗದವೇ ಇದೆ. ಟೈಟಾನಿಯಂ ಜಾಲರಿ ಹಾಕಿದ ಬಳಿಕ ಅಂಕಿಗಳೊಂದಿಗೆ ಬರೆಯುತ್ತೇನೆ.