ಪುಣೆಯ ಬಿಸಿಲಿನಲ್ಲಿ ಸ್ಪೈರಿಯಾ ಹೂ ಬಿಡುತ್ತದೆಯೇ?

ಪ್ರಶ್ನೆ: ಬಾಣೇರ್ ಕೈತೋಟ

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದ ಕಡೆಯವರು, ಈಗ ಪುಣೆಯ ಬಾಣೇರ್‌ನಲ್ಲಿದ್ದೇವೆ. ಮನೆಯ ಪಶ್ಚಿಮಕ್ಕೆ ಕಂಪೌಂಡಿನವರೆಗೆ ಸ್ವಲ್ಪ ಜಾಗವಿದ್ದು, ಅಲ್ಲಿ ಬಾಗಿದ ಕೊಂಬೆಗಳ ತುಂಬ ಬಿಳಿ ಹೂಗೊಂಚಲು ಬಿಡುವ ಸ್ಪೈರಿಯಾ ಪೊದೆಗಳನ್ನು ಸಾಲಾಗಿ ಬೆಳೆಸಬೇಕೆಂಬ ಆಸೆಯಿದೆ. ಸೋಲಾಪುರ ರಸ್ತೆಯ ನರ್ಸರಿಯೊಂದರಿಂದ ‘ಸ್ಪೈರಿಯಾ’ ಎಂದಷ್ಟೇ ಬರೆದ ಚೀಟಿ ಕಟ್ಟಿದ್ದ ಎರಡು ಗಿಡಗಳನ್ನು ಕಳೆದ ಚಳಿಗಾಲದಲ್ಲಿ ತಂದು, ಒಂದನ್ನು ನೆಲದ ಕಪ್ಪು ಮಣ್ಣಿನಲ್ಲಿ, ಇನ್ನೊಂದನ್ನು ದೊಡ್ಡ ಕುಂಡದಲ್ಲಿ ನೆಟ್ಟಿದ್ದೇನೆ. ಮನೆಯ ಪೂರ್ವದ ಬದಿಗಿರುವ ಕುಂಡದ ಗಿಡವು ಮಳೆಗಾಲದಲ್ಲಿ ಚೆನ್ನಾಗಿ ಚಿಗುರಿತು. ನೆಲದ ಗಿಡದ ಎಲೆಯಂಚುಗಳು ಏಪ್ರಿಲ್‌ನಲ್ಲಿ ಸುಟ್ಟಂತಾದವು. ಮಳೆ ಬಂದ ಮೇಲೆ ಹುಟ್ಟಿದ ಎಲೆಗಳೂ ಹಳದಿಯಾಗಿದ್ದು, ಅವುಗಳ ನರಗಳು ಮಾತ್ರ ಹಸಿರಾಗಿವೆ. ಎರಡರಲ್ಲಿಯೂ ಇದುವರೆಗೆ ಹೂ ಕಂಡಿಲ್ಲ. ಈಗ ಅಕ್ಟೋಬರ್‌ನಲ್ಲಿ ಕೊಂಬೆಗಳನ್ನೆಲ್ಲ ಅರ್ಧಕ್ಕೆ ಕತ್ತರಿಸಿದರೆ ಹೂ ಬರುತ್ತದೆಂದು ನಮ್ಮ ಮಾಲಿ ಹೇಳುತ್ತಾರೆ. ಕತ್ತರಿಸಬಹುದೇ? ಈ ಊರಿನಲ್ಲಿ ಸ್ಪೈರಿಯಾವನ್ನು ನೆಚ್ಚಿಕೊಳ್ಳಬಹುದೇ ಎಂಬುದನ್ನೂ ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಪಾಷಾಣ್ ಹಸಿರು

ಮೇಡಂ, ದಯವಿಟ್ಟು ಸದ್ಯಕ್ಕೆ ಕತ್ತರಿ ಹಾಕಿಸಬೇಡಿ. ನಿಮ್ಮಲ್ಲಿರುವುದು ಯಾವ ಸ್ಪೈರಿಯಾ ಎಂಬುದು ಮೊದಲು ಗೊತ್ತಾಗಬೇಕು, ಏಕೆಂದರೆ ಗುಲಾಬಿಯ ಕುಟುಂಬಕ್ಕೆ ಸೇರಿದ ಈ ಕುಲದಲ್ಲಿ ಹತ್ತಾರು ಪ್ರಭೇದಗಳಿದ್ದು, ಹೂ ಬಿಡುವ ರೀತಿಯಲ್ಲಿಯೇ ಅವು ಎರಡು ಪಂಗಡಗಳಾಗಿ ಒಡೆಯುತ್ತವೆ. ವಸಂತದಲ್ಲಿ ಬಿಳಿ ಹೂ ಬಿಡುವವು ಹಿಂದಿನ ವರ್ಷ ಬೆಳೆದ ಕೊಂಬೆಯ ಮೇಲೆ ಮೊಗ್ಗು ಕಟ್ಟುತ್ತವೆ. ಬೇಸಿಗೆಯಲ್ಲಿ ಗುಲಾಬಿ ಬಣ್ಣದ ಹೂ ಬಿಡುವ ಜಪೋನಿಕಾ ಜಾತಿಯವು ಅದೇ ವರ್ಷದ ಹೊಸ ಚಿಗುರಿನ ತುದಿಯಲ್ಲಿ ಹೂ ಕೊಡುತ್ತವೆ. ಮೊದಲ ಪಂಗಡದ ಗಿಡವನ್ನು ಅಕ್ಟೋಬರ್‌ನಲ್ಲಿ ಅರ್ಧಕ್ಕೆ ಕತ್ತರಿಸಿದರೆ ಬರಲಿರುವ ಹೂವನ್ನೇ ಕತ್ತರಿಸಿ ಎಸೆದಂತಾಗುತ್ತದೆ. ನಿಮ್ಮ ಮಾಲಿ ಗುಲಾಬಿ ಗಿಡದ ಲೆಕ್ಕವನ್ನು ಇಲ್ಲಿಗೂ ಹಚ್ಚುತ್ತಿದ್ದಾರೆ.

ಎಲೆಯನ್ನು ಕೈಯಲ್ಲಿ ಹಿಡಿದು ನೋಡಿ ಹೇಳಿ. ಎಲೆಯ ಗರಗಸದಂಥ ಹಲ್ಲುಗಳು ನಡುವಿನಿಂದ ತುದಿಯವರೆಗೆ ಮಾತ್ರ ಇದ್ದು, ಬೆನ್ನು ತುಸು ನೀಲಿ ಬೂದು ಬಣ್ಣದ್ದಾಗಿದ್ದರೆ ಅದು ಬಹುಮಟ್ಟಿಗೆ ಮೊದಲ ಪಂಗಡದ ಕ್ಯಾಂಟೋನಿಯೆನ್ಸಿಸ್ ಎಂಬ ಪ್ರಭೇದ. ಸುತ್ತಲೂ ಹಲ್ಲುಗಳಿದ್ದು ಚಿಗುರು ಕೆಂಪಾಗಿಯೋ ತಾಮ್ರದ ಬಣ್ಣದ್ದಾಗಿಯೋ ಇದ್ದರೆ ಜಪೋನಿಕಾದ ಯಾವುದೋ ತಳಿ. ಎಲೆ ಹುಲ್ಲಿನಂತೆ ಸಣ್ಣಗೆ ಉದ್ದವಾಗಿದ್ದರೆ ಥನ್‌ಬರ್ಗಿ ಎಂಬ ಪ್ರಭೇದ ಇರಬಹುದು. ಬಿಳಿ ಹೂ ಬಿಡುವ ಸಣ್ಣ ಎಲೆಯ ಪೊದೆಗೆಲ್ಲ ‘ಸ್ಪೈರಿಯಾ’ ಎಂಬ ಚೀಟಿ ಕಟ್ಟುವ ನರ್ಸರಿಗಳೂ ಉಂಟು, ಆದ್ದರಿಂದ ಚೀಟಿಯನ್ನು ಪೂರ್ತಿ ನಂಬಬೇಡಿ.

ಉತ್ತರ: ಮುಲುಂಡ್ ಟೆರೇಸ್

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಸ್ಪೈರಿಯಾ ಮೂಲತಃ ಉತ್ತರಾರ್ಧ ಗೋಳದ ಸಮಶೀತೋಷ್ಣ ಪ್ರದೇಶದ ಗಿಡ. ನಮ್ಮ ದೇಶದಲ್ಲಿಯೂ ಅದು ಕಾಡುಗಿಡವಾಗಿ ಬೆಳೆಯುವುದು ಹಿಮಾಲಯದ ಇಳಿಜಾರುಗಳಲ್ಲಿ. ಚಳಿಗಾಲದಲ್ಲಿ ಎಲೆಯುದುರಿಸಿ ಕೆಲವು ವಾರ ತಣ್ಣಗೆ ಮಲಗಿ ಏಳುವುದು ಅದರ ಸ್ವಭಾವ. ರಾತ್ರಿಯ ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿಯುವುದೇ ಅಪರೂಪವಾದ ಮುಂಬೈಯಲ್ಲಾಗಲಿ, ಗೋವಾದ ಕರಾವಳಿಯಲ್ಲಾಗಲಿ ಅದಕ್ಕೆ ಆ ನಿದ್ದೆ ಸಿಗುವುದಿಲ್ಲ. ಎಲೆ ಬಿಡುತ್ತದೆ, ಸೊರಗುತ್ತದೆ, ಹೂ ಮಾತ್ರ ಬಿಡುವುದಿಲ್ಲ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿರುವುದರಿಂದ ನಿಮ್ಮ ಸ್ಥಿತಿ ನಮಗಿಂತ ಮೇಲು, ಆದರೂ 2,240 ಮೀಟರ್ ಎತ್ತರದ ಊಟಿಯ ಚಳಿ ನಿಮಗೂ ಇಲ್ಲವಲ್ಲ.

ಸಾಲಿಗೆಂದು ದುಡ್ಡು ಹಾಕುವುದಾದರೆ ಬಿಳಿ ಹೂವಿನ ಪ್ಲಂಬಾಗೋ ಹಾಕಿ. ಅದರ ಕೊಂಬೆಗಳೂ ಬಾಗುತ್ತವೆ, ಬಿಸಿಲಿಗೆ ಅಂಜುವುದಿಲ್ಲ. ಸ್ವಲ್ಪ ಎತ್ತರದ ಗಿಡ ಆಗಬಹುದೆಂದರೆ ಕ್ರೇಪ್ ಮಿರ್ಟಲ್‌ನ ಬಿಳಿ ತಳಿ ಇನ್ನೂ ಒಳ್ಳೆಯದು. ಅದು ನಮ್ಮ ಹೊಳೆದಾಸವಾಳದ, ಅಂದರೆ ಮಹಾರಾಷ್ಟ್ರದ ರಾಜ್ಯಪುಷ್ಪವಾದ ತಾಮ್ಹಣದ, ಹತ್ತಿರದ ಬಂಧು. ಹೊಸ ಚಿಗುರಿನ ಮೇಲೆ ಹೂ ಬಿಡುವುದರಿಂದ ಜನವರಿಯಲ್ಲಿ ಧೈರ್ಯವಾಗಿ ಕತ್ತರಿಸಬಹುದು, ನಿಮ್ಮ ಮಾಲಿಗೂ ಸಮಾಧಾನವಾದೀತು.

ಬಾಣೇರ್ ಕೈತೋಟ

ಇಬ್ಬರಿಗೂ ಧನ್ಯವಾದಗಳು. ಎಲೆಗಳನ್ನು ಹಗಲಿನ ಬೆಳಕಿನಲ್ಲಿ ನೋಡಿದೆ. ಸುಮಾರು ಎರಡು ಬೆರಳಗಲ ಉದ್ದವಿದ್ದು ಎರಡೂ ತುದಿಗೆ ಚೂಪಾಗಿವೆ, ತೊಟ್ಟಿನ ಕಡೆಯ ಅರ್ಧ ನುಣುಪಾಗಿದೆ, ಮೇಲಿನ ಅರ್ಧದಲ್ಲಿ ಮಾತ್ರ ಹಲ್ಲುಗಳಿವೆ. ಬೆನ್ನನ್ನು ಬೆರಳಿನಿಂದ ಉಜ್ಜಿದರೆ ಬೂದಿಯಂಥ ಬಣ್ಣ ತುಸು ಅಳಿಸಿದಂತಾಗಿ ಕೆಳಗೆ ಹಸಿರು ಕಾಣುತ್ತದೆ. ಹೊಸ ಕೊಂಬೆಗಳು ಕಂದು ಬಣ್ಣಕ್ಕೆ ತಿರುಗಿ ಈಗಾಗಲೇ ಹೊರಕ್ಕೆ ಬಾಗಿವೆ. ಗಿಡಗಳಿಗೆ ನಾವು ಹಾಕುವುದು ಬೋರ್‌ವೆಲ್ ನೀರು.

ಉತ್ತರ: ಪಾಷಾಣ್ ಹಸಿರು

ಹಾಗಿದ್ದರೆ ನಿಮ್ಮ ಕೈಗೆ ಸರಿಯಾದ ಗಿಡವೇ ಸಿಕ್ಕಿದೆ. ಕ್ಯಾಂಟೋನಿಯೆನ್ಸಿಸ್ ದಕ್ಷಿಣ ಚೀನಾದ ಕಡೆಯದು, ಅಲ್ಲಿನ ಬೇಸಿಗೆಯ ಸೆಕೆಯನ್ನು ತಾಳಿಕೊಂಡು ಬಂದ ಜಾತಿ. ಆಸ್ಟ್ರೇಲಿಯಾದ ಸಿಡ್ನಿಯ ಕಡೆಯ ಹಳೆಯ ತೋಟಗಳಲ್ಲಿ ಬೇಲಿಗೂ ಅದನ್ನು ಬೆಳೆಸುತ್ತಾರೆ, ಅಲ್ಲಿ ಹಿಮವೇನೂ ಬೀಳುವುದಿಲ್ಲ. ಮುಲುಂಡ್‌ನ ಸರ್ ಹೇಳಿದ ಮಾತು ಮುಂಬೈಗೆ ಪೂರ್ತಿ ನಿಜ, ಜಪೋನಿಕಾದ ಮಟ್ಟಿಗೆ ಪುಣೆಗೂ ಹೆಚ್ಚುಕಡಿಮೆ ನಿಜ. ಆದರೆ ಡಿಸೆಂಬರ್, ಜನವರಿಯಲ್ಲಿ ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುವ ನಮ್ಮ ಬಾಣೇರ್, ಪಾಷಾಣ್ ಭಾಗದಲ್ಲಿ ಈ ಒಂದು ಜಾತಿಯನ್ನು ಪ್ರಯತ್ನಿಸಿ ನೋಡುವುದರಲ್ಲಿ ಅರ್ಥವಿದೆ. ಕೊಂಬೆಯೇ ಕಾಣದಷ್ಟು ಹೂ ತುಂಬುವುದನ್ನು ಮಾತ್ರ ನಿರೀಕ್ಷಿಸಬೇಡಿ.

ಇಲ್ಲಿ ಅದಕ್ಕೆ ಕಷ್ಟದ ಕಾಲ ಮಾರ್ಚ್‌ನಿಂದ ಮೇ. ನಿಮ್ಮ ನೆಲದ ಗಿಡ ಪಶ್ಚಿಮದ ಇಳಿಬಿಸಿಲಿಗೆ ಸಿಕ್ಕಿದ್ದರಿಂದಲೇ ಎಲೆಯಂಚು ಸುಟ್ಟಿದೆ. ಬೆಳಗಿನ ಹೊತ್ತು ನಾಲ್ಕೈದು ತಾಸು ಬಿಸಿಲು ಬಿದ್ದು ಮಧ್ಯಾಹ್ನದ ಮೇಲೆ ಮನೆಯ ನೆರಳು ಬರುವ ಪೂರ್ವದ ಬದಿಗೆ ಅದನ್ನು ಡಿಸೆಂಬರ್ ಕೊನೆಯಲ್ಲಿ, ಎಲೆಗಳು ಉದುರತೊಡಗಿದಾಗ, ಬೇರಿನ ಸುತ್ತಲಿನ ಮಣ್ಣಿನ ಹೆಂಟೆ ಒಡೆಯದಂತೆ ಎತ್ತಿ ನೆಡಿಸಿ. ಸಾಲು ಬೇಕಿದ್ದರೆ ಆ ಬದಿಯಲ್ಲಿಯೇ ಮಾಡಿ, ಪಶ್ಚಿಮದ ಗೋಡೆಗೆ ಪ್ಲಂಬಾಗೋ ಇರಲಿ. ಕತ್ತರಿಸುವುದು ಹೂ ಮುಗಿದ ಕೂಡಲೇ; ಆಗಲೂ ಎಲ್ಲ ಕೊಂಬೆಗಳ ತಲೆ ಸವರದೆ, ತೀರ ಹಳೆಯ ಒಂದೆರಡು ಕೊಂಬೆಗಳನ್ನು ಬುಡದಿಂದಲೇ ತೆಗೆಯಿರಿ. ತುದಿಗಳನ್ನು ಒಂದೇ ಸಮನೆ ಸವರಿದರೆ ಪೊದೆ ಪೊರಕೆಯಾಗುತ್ತದೆ, ಬಾಗುವ ಚೆಲುವು ಹೋಗುತ್ತದೆ.

ಉತ್ತರ: ಹಡಪ್ಸರ್ ಮಣ್ಣು

ಎಲೆ ಹಳದಿಯಾಗಿ ನರ ಹಸಿರಾಗಿ ಉಳಿಯುವುದರ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಹೊಸ ಎಲೆಗಳಲ್ಲಿಯೇ ಅದು ಮೊದಲು ಕಾಣಿಸಿದ್ದರೆ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದು ಇದರ ಅರ್ಥವಲ್ಲ. ನಮ್ಮ ಕಪ್ಪು ಮಣ್ಣಿನಲ್ಲಿ ಸುಣ್ಣದಂಶ ಹೆಚ್ಚಾಗಿರುವುದರಿಂದ ಅದು ಬೇರಿಗೆ ದಕ್ಕುವುದಿಲ್ಲ, ಗಡಸಾದ ಬೋರ್‌ವೆಲ್ ನೀರು ಆ ಸುಣ್ಣಕ್ಕೆ ಇನ್ನಷ್ಟು ಸೇರಿಸುತ್ತದೆ. ಇಂಥ ಮಣ್ಣಿಗೆ ಕಬ್ಬಿಣದ ಲವಣವಾದ ಫೆರಸ್ ಸಲ್ಫೇಟ್ ಸುರಿದರೆ ಅದೂ ಬೇಗನೆ ಹಾಗೆಯೇ ಕಟ್ಟಿಹೋಗುತ್ತದೆ. ಕೃಷಿ ಅಂಗಡಿಯಲ್ಲಿ ಚೀಲೇಟೆಡ್ ಐರನ್, ಅಂದರೆ ಕಟ್ಟಿಹೋಗದಂತೆ ಬೇರೊಂದು ವಸ್ತುವಿನಲ್ಲಿ ಹಿಡಿದಿಟ್ಟ ಕಬ್ಬಿಣ, ಕೇಳಿ, ಪೊಟ್ಟಣದ ಮೇಲೆ ಇಡಿಡಿಎಚ್‌ಎ ಎಂದು ಇದೆಯೇ ನೋಡಿ ತೆಗೆದುಕೊಳ್ಳಿ. ಅಗ್ಗವಾಗಿ ಸಿಗುವ ಇಡಿಟಿಎ ರೂಪದ್ದು ಸುಣ್ಣದ ಮಣ್ಣಿನಲ್ಲಿ ಹೆಚ್ಚು ಕೆಲಸ ಮಾಡುವುದಿಲ್ಲ.

ಹೊಸ ಗುಂಡಿಯನ್ನು ತೋಡುವಾಗ ಕಪ್ಪು ಮಣ್ಣನ್ನು ಅರ್ಧದಷ್ಟು ಹೊರಗೆ ಹಾಕಿ, ಕೆಂಪು ಮಣ್ಣು, ಕಳಿತ ಸಗಣಿಗೊಬ್ಬರ ಮತ್ತು ದಪ್ಪ ಮರಳನ್ನು ಬೆರೆಸಿ, ಸುತ್ತಲಿನ ನೆಲಕ್ಕಿಂತ ಒಂದು ಗೇಣು ಎತ್ತರಕ್ಕೆ ದಿಬ್ಬ ಮಾಡಿ ನೆಡಿ. ಕಪ್ಪು ಮಣ್ಣಿನ ನಡುವೆ ಬರಿ ಗುಂಡಿ ತೋಡಿ ಸಡಿಲ ಮಣ್ಣು ತುಂಬಿದರೆ ಜುಲೈ ಮಳೆಯ ನೀರೆಲ್ಲ ಅಲ್ಲಿಗೇ ಇಳಿದು ನಿಂತು ಬೇರು ಕೊಳೆಯುತ್ತದೆ. ಬುಡಕ್ಕೆ ಕಬ್ಬಿನ ರವದಿಯನ್ನು ದಪ್ಪಗೆ ಹೊದಿಸಿ. ಪುಣೆಯ ಸುತ್ತ ಅದಕ್ಕೇನೂ ಬರವಿಲ್ಲ. ರವದಿ ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ.

ಬಾಣೇರ್ ಕೈತೋಟ

ಹಳದಿ ಮೊದಲು ಕಂಡದ್ದು ಹೊಸ ಎಲೆಗಳಲ್ಲಿಯೇ. ಡಿಸೆಂಬರ್‌ನಲ್ಲಿ ದಿಬ್ಬ ಮಾಡಿ ನೆಲದ ಗಿಡವನ್ನು ಪೂರ್ವಕ್ಕೆ ವರ್ಗಾಯಿಸುತ್ತೇನೆ. ಸಾಲಿಗೆ ಬೇಕಾಗುವ ಉಳಿದ ಗಿಡಗಳನ್ನು ಕುಂಡದ ಗಿಡದ ಕೊಂಬೆಯಿಂದಲೇ ಮಾಡಿಕೊಳ್ಳಬಹುದೇ?

ಉತ್ತರ: ಪಾಷಾಣ್ ಹಸಿರು

ಖಂಡಿತ ಮಾಡಿಕೊಳ್ಳಬಹುದು, ಆದರೆ ಮುಂದಿನ ಮಳೆಗಾಲದವರೆಗೆ ಕಾಯಿರಿ. ಜುಲೈಯಲ್ಲಿ ಗಾಳಿಯಲ್ಲಿ ತೇವವಿರುವಾಗ, ಆ ವರ್ಷದ ಅರೆಬಲಿತ ಚಿಗುರನ್ನು ಗೇಣುದ್ದ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಮರಳು ಮತ್ತು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿದ ಟ್ರೇಯಲ್ಲಿ ಊರಿ ನೆರಳಿನಲ್ಲಿಡಿ. ಸ್ಪೈರಿಯಾ ಸುಲಭವಾಗಿಯೇ ಬೇರು ಬಿಡುತ್ತದೆ. ಆ ಸಸಿಗಳನ್ನು ಮೊದಲ ಬೇಸಿಗೆ ಕುಂಡದಲ್ಲಿಯೇ ಕಳೆಯಲು ಬಿಟ್ಟು, ಅದರ ಮುಂದಿನ ಮಳೆಗೆ ನೆಲಕ್ಕೆ ಹಾಕಿ.