ಅಪ್‌ಡೇಟ್: ಮಡಿಕೇರಿ ಲೋಕಲ್ ನ್ಯೂಸ್ ಚಾನೆಲ್, ದಾರಿ ಸಿಕ್ತು

ಲೋಕಲ್ ನ್ಯೂಸ್ ಚಾನೆಲ್‌ಗೆ ಪರ್ಮಿಷನ್ ಹೇಗೆ, ಈ ಮಳೆ ಸೌಂಡಲ್ಲಿ ವಾಯ್ಸ್ ರೆಕಾರ್ಡ್ ಹೇಗೆ ಅಂತ ಮೊನ್ನೆ ಕೇಳಿದ್ನಲ್ಲ, ಎರಡಕ್ಕೂ ದಾರಿ ಸಿಕ್ತು. ಸ್ಯಾಟಲೈಟ್ ಚಾನೆಲ್‌ಗೇ ಅಪ್ಲೈ ಮಾಡಿ ಅಂದವರಿಗೆ ದೊಡ್ಡ ನಮಸ್ಕಾರ ಮಾರಾಯ್ರೆ, ಅದಕ್ಕೆ 20 ಕೋಟಿ ನೆಟ್‌ವರ್ತ್ ಬೇಕು, ಇರೋ ತೋಟ ಪೂರ್ತಿ ಮಾರಿದ್ರೂ ಆಗಲ್ಲ! ಕೆಲಸಕ್ಕೆ ಬಂದಿದ್ದು "ಮೊದ್ಲು ಕೇಬಲ್ ಎಂಎಸ್‌ಒ (ಲೋಕಲ್ ಕೇಬಲ್‌ನವರಿಗೆ ಚಾನೆಲ್ ಸಿಗ್ನಲ್ ಕೊಡೋ ದೊಡ್ಡ ಆಪರೇಟರ್) ಹತ್ರ ಮಾತಾಡಿ" ಅಂದವರ ಸಲಹೆ. ಕೇಂದ್ರ ಸರ್ಕಾರದ 2022ರ ಗೈಡ್‌ಲೈನ್ಸ್ ಪ್ರಕಾರ ಅವ್ರೇ ಇದನ್ನ ಪ್ಲಾಟ್‌ಫಾರ್ಮ್ ಸರ್ವಿಸ್ (ಅಂದ್ರೆ ಎಂಎಸ್‌ಒ ತನ್ನ ಕೇಬಲಲ್ಲೇ ನಡೆಸೋ ಸ್ವಂತ ಚಾನೆಲ್) ಅಂತ ಆನ್‌ಲೈನಲ್ಲಿ ರಿಜಿಸ್ಟರ್ ಮಾಡ್ಬೇಕು, ಒಂದು ಚಾನೆಲ್‌ಗೆ 1000 ರೂಪಾಯಿ ಅಷ್ಟೇ, ಆದ್ರೆ ನ್ಯೂಸ್ ಹಾಕೋದಾದ್ರೆ ಎಂಎಸ್‌ಒ ಕಂಪನಿಯಾಗಿ ರಿಜಿಸ್ಟರ್ ಆಗಿರ್ಲೇಬೇಕು, ಇದನ್ನ ಯಾರೂ ಹೇಳಿರ್ಲಿಲ್ಲ ನೋಡಿ. ನಮ್ಮವರದ್ದು ಕಂಪನಿನೇ, ಅರ್ಜಿ ಹಾಕ್ತಿದಾರೆ. 90 ದಿನದ ರೆಕಾರ್ಡಿಂಗೂ ಇಟ್ಕೋಬೇಕಂತೆ, ಹಾರ್ಡ್ ಡಿಸ್ಕ್ ಖರ್ಚು ಬೇರೆ.

ಸೌಂಡ್ ವಿಷಯಕ್ಕೆ ಬಂದ್ರೆ ಮೊಟ್ಟೆ ಟ್ರೇ ಅಂಟಿಸಿದ್ದು ವೇಸ್ಟ್, ಛಾವಣಿ ಶೀಟ್ ಮೇಲೆ ಬೀಳೋ ಮಳೆ ಸೌಂಡಿಗೆ ಅದೇನೂ ಮಾಡಲ್ಲ. ಕೆಳಗಿನ ಆರ್‌ಸಿಸಿ ರೂಮಿಗೆ ಶಿಫ್ಟ್ ಆಗಿ, ಸುತ್ತ ಕಂಬಳಿ ನೇತುಹಾಕಿ, ಕಾಲರ್ ಮೈಕ್ ಹಾಕಿದ್ಮೇಲೆ ಕ್ಲಿಯರ್.

ಟ್ರಯಲ್ ಬುಲೆಟಿನ್ ನಾಲ್ಕು ಜನಕ್ಕೆ ತೋರಿಸಿದ್ವಿ. ರಾಜಕೀಯ ಯಾರಿಗೂ ಬೇಡ, ಕರಿಮೆಣಸು ರೇಟ್ ಎಷ್ಟು, ಹಾರಂಗಿ ಡ್ಯಾಮ್ ಲೆವೆಲ್ ಎಷ್ಟು, ಭಾಗಮಂಡಲ ರೋಡಲ್ಲಿ ನೀರು ಬಂದಿದ್ಯಾ, ಸಿದ್ದಾಪುರ ಕಡೆಯವರಿಗೆ ಆನೆ ಇವತ್ತು ಯಾರ ತೋಟದಲ್ಲಿದೆ ಅನ್ನೋದೇ ಮೊದಲ ಸುದ್ದಿ ಆಗ್ಬೇಕಂತೆ.